ಪಾರ್ಕಿನ ಜಮೀನು, ಕ್ಲಬ್ಬಿನ ಗೇಟು

ಬಡಾವಣೆಯ ಪಾರ್ಕಿನಲ್ಲಿ ಖಾಸಗಿಯವರೊಬ್ಬರು ಟರ್ಫ್ ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗೆ ಇಷ್ಟು ಎಂದು ದರ ಗೊತ್ತುಮಾಡಿ ಆಟದ ಅಂಗಣ ನಡೆಸುವ ಪ್ರಸ್ತಾವ ಬಂದಾಗ ಊರಿನಲ್ಲಿ ಏನೇನು ಮಾತು ಹುಟ್ಟುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮಕ್ಕಳಿಗೆ ಆಡಲು ಜಾಗವೇ ಇಲ್ಲ, ಬರಲಿ ಬಿಡಿ ಎನ್ನುವವರು ಒಂದು ಕಡೆ. ಮರ ಹೋಗುತ್ತದೆ, ರಾತ್ರಿಯಿಡೀ ಫ್ಲಡ್‌ಲೈಟು ಉರಿಯುತ್ತದೆ, ಮನೆಯ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸುತ್ತಾರೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವೇ. ಆದರೆ ಈ ಎರಡು ಮಾತುಗಳ ನಡುವೆ ಮೊದಲು ಕೇಳಬೇಕಾದ ಪ್ರಶ್ನೆಯೇ ಕಳೆದುಹೋಗುತ್ತದೆ. ಆ ಜಮೀನನ್ನು ಹೀಗೆ ಇನ್ನೊಬ್ಬರ ಕೈಗೆ ಕೊಡುವ ಅಧಿಕಾರ ಕೊಟ್ಟವರಿಗೆ ಇತ್ತೇ? ಇದ್ದರೆ ಅದು ಯಾವ ಕಾಗದದಲ್ಲಿದೆ? ಇಂಥ ಹೋರಾಟಗಳ ಚರಿತ್ರೆಯನ್ನು ನೋಡಿದರೆ, ಸೌಂದರ್ಯದ ಮಾತಾಡಿದವರಿಗಿಂತ ಈ ಕಾಗದ ಕೇಳಿದವರೇ ಹೆಚ್ಚು ದೂರ ಹೋಗಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಇವತ್ತಿನ ಮಾತು ಅದರ ಬಗ್ಗೆಯೇ.

ಬೆಂಗಳೂರಿನ ಪಾರ್ಕಿನ ವಿಷಯ ಕೇಳಲು ಬಂದ ನಿಮ್ಮನ್ನು ಮೊದಲು ಅಮೆರಿಕದ ಒಂದು ಬೆಟ್ಟಕ್ಕೆ ಕರೆದೊಯ್ಯುತ್ತೇನೆ. ಕಾರಣ ಆಮೇಲೆ ತಿಳಿಯುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯಂತ ಎತ್ತರದ ಬೆಟ್ಟ ಮೌಂಟ್ ಗ್ರೇಲಾಕ್. 19ನೆಯ ಶತಮಾನದ ಕೊನೆಯಲ್ಲಿ, ಅಲ್ಲಿನ ಕಾಡು ಕೊಡಲಿಗೆ ಸಿಕ್ಕಿ ಬರಿದಾಗುತ್ತಿದ್ದುದನ್ನು ಕಂಡ ಸುತ್ತಲಿನ ಜನ ಒಂದು ಸಂಘ ಕಟ್ಟಿಕೊಂಡು ಬೆಟ್ಟದ ನೆತ್ತಿಯ ಜಮೀನನ್ನು ಕೊಂಡುಕೊಂಡರು. 1898ರಲ್ಲಿ ಅದು ರಾಜ್ಯದ ಕೈಸೇರಿ ಸಾರ್ವಜನಿಕ ಮೀಸಲು ಪ್ರದೇಶವಾಯಿತು. ಅದನ್ನು ನೋಡಿಕೊಳ್ಳಲು ಒಂದು ಆಯೋಗವೂ ಬಂತು. 1953ರಲ್ಲಿ ಶಾಸನಸಭೆ ಇನ್ನೊಂದು ಪ್ರಾಧಿಕಾರವನ್ನು ಹುಟ್ಟುಹಾಕಿತು. ಬೆಟ್ಟದ ತುದಿಗೆ ತಂತಿಯ ಮೇಲೆ ಓಡುವ ತೊಟ್ಟಿಲುಗಾಡಿ ಕಟ್ಟಿ ನಡೆಸುವುದು ಅದರ ಕೆಲಸ. ಮೀಸಲು ಪ್ರದೇಶದ ಯಾವ ಭಾಗವನ್ನಾದರೂ ಈ ಪ್ರಾಧಿಕಾರಕ್ಕೆ ಗುತ್ತಿಗೆಗೆ ಕೊಡಲು ಆಯೋಗಕ್ಕೆ ಅನುಮತಿಯೂ ಸಿಕ್ಕಿತು. ದುಡ್ಡು ಹುಟ್ಟಲಿಲ್ಲ, ವರ್ಷಗಳು ಕಳೆದವು. ಕೊನೆಗೆ ಸಾಲ ಎತ್ತಿಕೊಡಲು ಒಪ್ಪಿದವರು ಸಿಕ್ಕಾಗ ಯೋಜನೆಯ ರೂಪ ಬದಲಾಗಿತ್ತು. ಸುಮಾರು 9,000 ಎಕರೆಯ ಮೀಸಲಿನಲ್ಲಿ 4,000 ಎಕರೆಯನ್ನು ಗುತ್ತಿಗೆಗೆ ಪಡೆದು, ಅಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ದೊಡ್ಡದೊಂದು ವಿಹಾರಧಾಮವನ್ನು ಕಟ್ಟುವುದು. ಅದನ್ನು ಖಾಸಗಿ ಕಂಪನಿಯೊಂದು ನಡೆಸುವುದು. ನಿವ್ವಳ ಆದಾಯದಲ್ಲಿ ಶೇಕಡಾ 40ರಷ್ಟು ಆ ಕಂಪನಿಗೆ ಹೋಗುವುದು. ತುದಿಗೆ ಜನರನ್ನು ಹತ್ತಿಸುವ ಗಾಡಿಯೆಂದು ಶುರುವಾದದ್ದು ಅರ್ಧ ಬೆಟ್ಟವನ್ನು ಲಾಭದ ಉದ್ಯಮಕ್ಕೆ ಒಪ್ಪಿಸುವಲ್ಲಿಗೆ ಬಂದು ನಿಂತಿತ್ತು.

ಆ ಜಿಲ್ಲೆಯ ಐದು ಮಂದಿ ನಾಗರಿಕರು ನ್ಯಾಯಾಲಯಕ್ಕೆ ಹೋದರು. ಅವರ ಕೈ ಬಲವಾಗಿರಲಿಲ್ಲ ಎಂಬುದನ್ನು ಗಮನಿಸಿ. ಶಾಸನಸಭೆಯೇ ಕಾನೂನು ಮಾಡಿದೆ, ‘ಯಾವ ಭಾಗವನ್ನಾದರೂ’ ಎಂದು ಧಾರಾಳವಾಗಿ ಬರೆದಿದೆ. ಇನ್ನೇನು ವಾದ ಉಳಿಯಿತು? ಆದರೂ 1966ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಗುತ್ತಿಗೆ, ನಿರ್ವಹಣಾ ಒಪ್ಪಂದ ಎರಡನ್ನೂ ಅಸಿಂಧುಗೊಳಿಸಿತು. ಸಾರ್ವಜನಿಕ ಉದ್ಯಾನದ ಜಮೀನನ್ನು, ಭಾಗಶಃವಾದರೂ ಖಾಸಗಿ ಲಾಭಕ್ಕಾಗಿ ನಡೆಯುವ ವ್ಯಾಪಾರಕ್ಕೆ ಬಿಟ್ಟುಕೊಡುವ ಅಧಿಕಾರ ಬೇಕಿದ್ದರೆ ಕಾನೂನು ಅದನ್ನು ಬಿಡಿಸಿ ಹೇಳಿರಬೇಕು. ಸಾಮಾನ್ಯ ಮಾತುಗಳ ಒಳಗಿನಿಂದ ಅದನ್ನು ಹೆಕ್ಕಿ ತೆಗೆಯುವಂತಿಲ್ಲ ಎಂಬುದು ತೀರ್ಪಿನ ಸಾರ. ಮಾರಲೇಬಾರದು, ಕೊಡಲೇಬಾರದು ಎಂದು ನ್ಯಾಯಾಲಯ ಹೇಳಲಿಲ್ಲ. ಕೊಡುವುದಾದರೆ ಜನರಿಂದ ಆಯ್ಕೆಯಾದವರು ಎಲ್ಲರ ಎದುರಿಗೆ, ಇಂಥದ್ದನ್ನು ಇಂಥವರಿಗೆ ಕೊಡುತ್ತಿದ್ದೇವೆ ಎಂದು ಒಪ್ಪಿಕೊಂಡು ಕೊಡಬೇಕು ಎಂದಿತು. ಈ ಷರತ್ತು ಕೇಳಲು ಸಣ್ಣದು. ಆದರೆ ಪಾರ್ಕುಗಳು ಕೈತಪ್ಪುವುದು ಬಹುಪಾಲು ಇಂಥ ಸದ್ದಿಲ್ಲದ ಒಪ್ಪಂದಗಳಲ್ಲೇ ಆದ್ದರಿಂದ ಅದರ ಏಟು ದೊಡ್ಡದು.

ಇಲ್ಲೊಂದು ಮಾತು ಸೇರಿಸಬೇಕು. ಅದೇ ಬೆಟ್ಟದ ಇಳಿಜಾರಿನಲ್ಲಿ 1934ರಲ್ಲೇ ಸರ್ಕಾರದ ನಿರುದ್ಯೋಗ ಪರಿಹಾರದ ಕೆಲಸಗಾರರು ಥಂಡರ್‌ಬೋಲ್ಟ್ ಎಂಬ ಸ್ಕೀ ಹಾದಿಯನ್ನು ಕಡಿದಿದ್ದರು. ಅಲ್ಲಿ ಹೆಸರಾದ ಸ್ಪರ್ಧೆಗಳೂ ನಡೆದವು. ಆ ಹಾದಿ ಇಂದಿಗೂ ಇದೆ. ಎಳೆದೊಯ್ಯುವ ಯಂತ್ರವಿಲ್ಲ, ಹಲಗೆಗಳನ್ನು ಹೊತ್ತು ಕಾಲ್ನಡಿಗೆಯಲ್ಲಿ ಹತ್ತಿದವನು ಜಾರಿ ಇಳಿಯಬಹುದು. ಅಂದರೆ ಸ್ಕೀ ಆಟವನ್ನು ಆ ಬೆಟ್ಟ ಎಂದೂ ಹೊರಗಿಟ್ಟಿರಲಿಲ್ಲ. ‘ನೀವು ಕ್ರೀಡಾವಿರೋಧಿಗಳು’ ಎಂಬ ಆರೋಪ ಬಂದಾಗ ಈ ಉದಾಹರಣೆ ನೆನಪಿರಲಿ.

ಈಗ ಆ ಬೆಟ್ಟದಿಂದ ನಮ್ಮಲ್ಲಿಗೆ ಬರುವ ದಾರಿ. ಜೋಸೆಫ್ ಸ್ಯಾಕ್ಸ್ ಎಂಬ ಕಾನೂನು ಪ್ರಾಧ್ಯಾಪಕರು 1970ರಲ್ಲಿ ಬರೆದ ಒಂದು ದೀರ್ಘ ಲೇಖನದಲ್ಲಿ ಗ್ರೇಲಾಕ್ ಪ್ರಕರಣವನ್ನು ಎಳೆಎಳೆಯಾಗಿ ವಿವರಿಸಿದರು. ಕೆಲವು ಸಂಪತ್ತುಗಳು ಸರ್ಕಾರದ ಹೆಸರಿನಲ್ಲಿದ್ದರೂ ಸರ್ಕಾರ ಅವುಗಳ ಒಡೆಯನಲ್ಲ, ಜನರ ಪರವಾಗಿ ಅವನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬ ಹಳೆಯ ತತ್ತ್ವಕ್ಕೆ ಆ ಲೇಖನ ಹೊಸ ಜೀವ ಕೊಟ್ಟಿತು. 1996ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಹಿಮಾಚಲದ ಬಿಯಾಸ್ ನದಿಯ ದಂಡೆಯ ಪ್ರಕರಣವೊಂದು ಇತ್ತು. ಅರಣ್ಯ ಜಮೀನನ್ನು ಗುತ್ತಿಗೆ ಪಡೆದ ಮೋಟೆಲೊಂದರ ಪ್ರಕರಣ. ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಎಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರು ಸ್ಯಾಕ್ಸ್ ಅವರ ಲೇಖನವನ್ನೂ ಅದರ ಮೂಲಕ ಗ್ರೇಲಾಕ್ ಪ್ರಕರಣವನ್ನೂ ವಿಸ್ತಾರವಾಗಿ ಉದ್ಧರಿಸಿ, ಈ ಸಾರ್ವಜನಿಕ ನ್ಯಾಸದ (ಪಬ್ಲಿಕ್ ಟ್ರಸ್ಟ್) ತತ್ತ್ವ ಭಾರತದ ಕಾನೂನಿನ ಭಾಗ ಎಂದು ಸಾರಿದರು. ಐದು ಮಂದಿ ಸ್ಕೀ ವಿಹಾರಧಾಮದ ವಿರುದ್ಧ ಹೂಡಿದ ದಾವೆ ಹೀಗೆ ಮೂವತ್ತು ವರ್ಷಗಳ ನಂತರ ನಮ್ಮ ನದಿ, ಕೆರೆ, ಪಾರ್ಕುಗಳ ಕಾನೂನಿಗೆ ಬಂದು ಸೇರಿತು. 1999ರಲ್ಲಿ ಲಖನೌ ನಗರದ ಅಮೀನಾಬಾದಿನ ಝಂಡೇವಾಲಾ ಪಾರ್ಕಿನ ಅಡಿಯಲ್ಲಿ ಮಹಾಪಾಲಿಕೆಯ ಒಪ್ಪಂದದ ಮೇರೆಗೆ ಖಾಸಗಿ ಬಿಲ್ಡರ್ ಒಬ್ಬರು ಕಟ್ಟುತ್ತಿದ್ದ ನೆಲದಡಿಯ ಅಂಗಡಿ ಸಂಕೀರ್ಣವನ್ನು ಒಡೆದು ಪಾರ್ಕನ್ನು ಮೊದಲಿನಂತೆ ಮಾಡಿಕೊಡಿ ಎಂದು ಅದೇ ನ್ಯಾಯಾಲಯ ಆದೇಶಿಸಿತು. ಅದಕ್ಕೂ ಇದೇ ತತ್ತ್ವ ಆಧಾರವಾಗಿತ್ತು. ಕಟ್ಟಡ ಎದ್ದುಬಿಟ್ಟಿದೆ, ದುಡ್ಡು ಸುರಿದಾಗಿದೆ, ಇನ್ನು ಒಡೆದರೆ ನಷ್ಟ ಎಂಬ ವಾದ ಅಲ್ಲಿ ನಡೆಯಲಿಲ್ಲ.

ಆದರೆ ಬೆಂಗಳೂರಿನವರು ಈ ತತ್ತ್ವದ ಹೆಸರು ಬರುವುದಕ್ಕೂ ಮೊದಲೇ ಇದೇ ಜಗಳವನ್ನು ಗೆದ್ದಿದ್ದರು. ಸದಾಶಿವನಗರದಲ್ಲಿ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ತೋರಿಸಿದ್ದ ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಹಂಚಿಕೆ ಮಾಡಲಾಯಿತು. ಸೂಚನೆ ಮುಖ್ಯಮಂತ್ರಿಯಿಂದಲೇ ಬಂದದ್ದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಅದನ್ನು ಪಾಲಿಸಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ಹೆಸರಾದ 1991ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅವರ ಗೆಲುವನ್ನು ಎತ್ತಿಹಿಡಿಯಿತು.

ಈ ತೀರ್ಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎದುರಿಗಿದ್ದದ್ದು ಕ್ಲಬ್ಬೂ ಅಲ್ಲ, ಟರ್ಫೂ ಅಲ್ಲ. ರೋಗಿಗಳ ಹೆಸರು ಹೇಳಿಕೊಂಡು ಬಂದ ಸಂಸ್ಥೆ. ಆಸ್ಪತ್ರೆ ಬೇಡ ಎಂದು ಯಾರು ಹೇಳಿಯಾರು? ಮೊದಲನೆಯದಾಗಿ, ದುಡ್ಡು ಕೊಟ್ಟವರಿಗೆ ಮಾತ್ರ ಬಾಗಿಲು ತೆರೆಯುವ ಖಾಸಗಿ ನರ್ಸಿಂಗ್ ಹೋಮನ್ನು ಎಲ್ಲರಿಗೂ ಸಲ್ಲುವ ಸಾರ್ವಜನಿಕ ಸೌಲಭ್ಯದ ಸಾಲಿನಲ್ಲಿ ಕೂರಿಸಲಾಗದು ಎಂದು ನ್ಯಾಯಾಲಯ ಹೇಳಿತು. ಎರಡನೆಯದಾಗಿ, ಕಾನೂನಿನ ಪ್ರಕಾರ ಸಿದ್ಧವಾದ ಯೋಜನೆಯನ್ನು ಬದಲಿಸಬೇಕಾದರೆ ಬಿಡಿಎ ತಾನೇ ವಿವೇಚನೆ ಮಾಡಿ, ಕಾನೂನು ಹಾಕಿಕೊಟ್ಟ ಕ್ರಮದಲ್ಲೇ ಬದಲಿಸಬೇಕು. ಮೇಲಿನವರ ಒಂದು ಸೂಚನೆಯಿಂದ ಅದು ಬದಲಾಗುವುದಿಲ್ಲ ಎಂದಿತು. ಮೂರನೆಯದು ನಿಮಗೆ ನೇರವಾಗಿ ಸಂಬಂಧಿಸಿದ್ದು. ‘ನಿಮ್ಮ ಸ್ವಂತ ಸೈಟು ಏನಾದರೂ ಹೋಯಿತೇ, ನೀವ್ಯಾರು ಕೇಳುವುದಕ್ಕೆ’ ಎಂಬ ಆಕ್ಷೇಪವನ್ನು ನ್ಯಾಯಾಲಯ ತಳ್ಳಿಹಾಕಿ, ಬಡಾವಣೆಯ ಪಾರ್ಕು ಹೋದರೆ ಅಲ್ಲಿನ ನಿವಾಸಿಗಳಿಗೆ ದೂರುವ ಹಕ್ಕಿದೆ ಎಂದಿತು. ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅವರು ತಮ್ಮ ಭಾಗದಲ್ಲಿ ಉದ್ಯಾನದ ಚರಿತ್ರೆಯನ್ನೇ ಎತ್ತಿಕೊಂಡರು. ಒಂದು ಕಾಲಕ್ಕೆ ಉದ್ಯಾನವೆಂದರೆ ಶ್ರೀಮಂತರ, ಅರಸರ ಖಾಸಗಿ ಸುಖದ ಜಾಗ; ಸಾಮಾನ್ಯ ಮನುಷ್ಯನ ಸಮಾನತೆಯ ಕಲ್ಪನೆ ಬೆಳೆದಂತೆಲ್ಲ ಅದು ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆಯಾಯಿತು ಎಂಬ ಅರ್ಥದ ಅವರ ಮಾತು ಇಂದಿಗೂ ಪಾರ್ಕಿನ ಮೊಕದ್ದಮೆಗಳಲ್ಲಿ ಉಲ್ಲೇಖವಾಗುತ್ತದೆ. ಸಾರ್ವಜನಿಕ ಪಾರ್ಕಿನೊಳಗೆ ಸದಸ್ಯರ ಕ್ಲಬ್ಬು ಬಂದರೆ ಈ ಚರಿತ್ರೆ ಹಿಂದಕ್ಕೆ ತಿರುಗಿದಂತೆ.

ಬಿಡಿಎ ಕಾಯಿದೆ ಹುಟ್ಟಿದ್ದು 1976ರಲ್ಲಿ. ಅದರ 16ನೆಯ ಸೆಕ್ಷನ್ನಿನ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇಕಡಾ 15ರಷ್ಟನ್ನು ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇಕಡಾ 10ರಷ್ಟನ್ನು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. 1984ರ ತಿದ್ದುಪಡಿಯಲ್ಲಿ ಬಂದ 38-ಎ ಸೆಕ್ಷನ್, ಹೀಗೆ ಮೀಸಲಿಟ್ಟ ಪಾರ್ಕು, ಮೈದಾನವನ್ನು ಬೇರೆ ಉದ್ದೇಶಕ್ಕೆ ಮಾರಬಾರದು, ವಿಲೇವಾರಿ ಮಾಡಬಾರದು, ಮಾಡಿದರೆ ಅದು ಶೂನ್ಯ ಎನ್ನುತ್ತದೆ. ಈ ಶೇಕಡಾ 15ರ ಅರ್ಥವನ್ನು ಸ್ವಲ್ಪ ಯೋಚಿಸಿ. ಪಾರ್ಕಿಗೆ ಬಿಟ್ಟ ಜಾಗವನ್ನು ಬಡಾವಣೆ ಮಾಡಿದವರು ಮಾರಲಾಗಲಿಲ್ಲ. ಆದ್ದರಿಂದ ಅದರ ಬೆಲೆಯೂ ಉಳಿದ ಸೈಟುಗಳ ಬೆಲೆಯಲ್ಲಿ ಸೇರಿಹೋಯಿತು. ಮೂವತ್ತು-ನಲವತ್ತರ ಸೈಟು ಕೊಂಡ ಗುಮಾಸ್ತನೂ ತನ್ನ ಪಾಲಿನ ಪಾರ್ಕಿಗೆ ದುಡ್ಡು ತೆತ್ತಿದ್ದಾನೆ. ಅದೇ ಜಾಗಕ್ಕೆ ಮೊಮ್ಮಗನನ್ನು ಆಡಲು ಕಳಿಸಲು ಅವನು ಸ್ಲಾಟಿನ ಲೆಕ್ಕದಲ್ಲಿ ಇನ್ನೊಮ್ಮೆ ದುಡ್ಡು ಕೊಡಬೇಕೆಂದರೆ, ಒಂದೇ ಸರಕನ್ನು ಅವನಿಗೆ ಎರಡು ಸಲ ಮಾರಿದ ಹಾಗಾಯಿತು.

ಹಳೆಯ ಪಾರ್ಕುಗಳಿಗೆ ಬೇರೆ ಕಾನೂನುಗಳಿವೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿಗೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ. ಸ್ಥಳೀಯ ಸಂಸ್ಥೆಗಳ ಪಾರ್ಕು, ಮೈದಾನ, ಬಯಲುಗಳಿಗೆ 1985ರ ಕಾಯಿದೆ. ಕಬ್ಬನ್ ಪಾರ್ಕಿನ ಹೆಸರು ಬಂದದ್ದರಿಂದ ಹೇಳುತ್ತೇನೆ: ಟೆನಿಸ್ ಕ್ರೀಡಾಂಗಣವೂ ಕ್ಲಬ್ಬೂ ಅಲ್ಲಿ ದಶಕಗಳಿಂದ ಇವೆ. ಅವನ್ನು ತೋರಿಸಿ ‘ಅಲ್ಲಿ ಇರಬಹುದಾದರೆ ಇಲ್ಲಿ ಯಾಕೆ ಬೇಡ’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಆ ಹಳೆಯ ಉದಾಹರಣೆಗಳಿಂದ ಉದ್ಯಾನ ಎಷ್ಟು ಚೂರಾಯಿತು ಎಂಬುದನ್ನು ಒಮ್ಮೆ ಅದರ ಅಂಚುಗುಂಟ ನಡೆದು ನೋಡಿ ಬನ್ನಿ.

ಈ ಹೋರಾಟಗಳೆಲ್ಲ ಗೆಲ್ಲುತ್ತವೆ ಎಂಬ ಭಾವನೆ ನಿಮ್ಮಲ್ಲಿ ಬರಬಾರದು. ಲಂಡನ್ನಿನ ವಿಂಬಲ್ಡನ್ ಪಾರ್ಕಿನ ಕಥೆ ಅದಕ್ಕೆ ಉದಾಹರಣೆ. ಟೆನಿಸ್ ಪಂದ್ಯ ನಡೆಯುವ ಆಲ್ ಇಂಗ್ಲೆಂಡ್ ಕ್ಲಬ್ಬಿನ ಎದುರಿಗೇ 18ನೆಯ ಶತಮಾನದಲ್ಲಿ ಕೇಪಬಿಲಿಟಿ ಬ್ರೌನ್ ಎಂದೇ ಖ್ಯಾತನಾದ ಭೂದೃಶ್ಯ ವಿನ್ಯಾಸಕಾರ ರೂಪಿಸಿದ ದೊಡ್ಡ ಉದ್ಯಾನ, ಅದರ ನಡುವೆ ಕೆರೆ. ಅದರ ಒಂದು ದೊಡ್ಡ ಭಾಗ ಗಾಲ್ಫ್ ಅಂಗಣವಾಗಿತ್ತು. 1993ರಲ್ಲಿ ಸ್ಥಳೀಯ ಸಂಸ್ಥೆಯಾದ ಮರ್ಟನ್ ಕೌನ್ಸಿಲ್ ಆ ಭಾಗದ ಒಡೆತನವನ್ನು 52 ಲಕ್ಷ ಪೌಂಡಿಗೆ ಟೆನಿಸ್ ಕ್ಲಬ್ಬಿಗೆ ಮಾರಿತು. ಜಾಗ ತೆರೆದ ಬಯಲಾಗಿಯೇ ಉಳಿಯಬೇಕೆಂಬ ನಿರ್ಬಂಧಗಳನ್ನು ಪತ್ರದಲ್ಲಿ ಬರೆಯಿಸಿಕೊಂಡಿತು. 2018ರಲ್ಲಿ ಟೆನಿಸ್ ಕ್ಲಬ್ಬು ಗಾಲ್ಫಿನವರಿಗೆ ಆರೂವರೆ ಕೋಟಿ ಪೌಂಡ್ ಕೊಟ್ಟು ಅವರ ಗುತ್ತಿಗೆಯನ್ನೂ ಬಿಡಿಸಿಕೊಂಡಿತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಜನರ ಪರವಾಗಿ ಒಡೆತನ ಹೊಂದಿದ್ದ ಸಂಸ್ಥೆಗೆ ಸಿಕ್ಕಿದ್ದಕ್ಕಿಂತ ಹನ್ನೆರಡು ಪಾಲಿಗೂ ಹೆಚ್ಚು ಹಣ, ಗುತ್ತಿಗೆಯ ಉಳಿದ ಅವಧಿಗಾಗಿ ಗಾಲ್ಫ್ ಕ್ಲಬ್ಬಿನ ಸದಸ್ಯರಿಗೆ ಸಿಕ್ಕಿತು. ಕಾಲಾಂತರದ ಬೆಲೆ ಏರಿಕೆಯನ್ನು ಕಳೆದರೂ ಈ ಅಂತರ ಕಣ್ಣಿಗೆ ಹೊಡೆಯುತ್ತದೆ.

ಅಲ್ಲಿ 39 ಹೊಸ ಅಂಗಣಗಳು, ಅವುಗಳಲ್ಲಿ ಒಂದು 8,000 ಆಸನಗಳ ಕ್ರೀಡಾಂಗಣ ಎಂಬುದು ಯೋಜನೆ. ಪ್ರತಿಯಾಗಿ ಒಂದು ಭಾಗವನ್ನು ಹೊಸ ಸಾರ್ವಜನಿಕ ಉದ್ಯಾನವಾಗಿ ತೆರೆಯುತ್ತೇವೆ, ಕೆರೆಯ ಹೂಳೆತ್ತುತ್ತೇವೆ ಎಂದು ಕ್ಲಬ್ಬು ಮುಂದೆ ಬಂತು. ಜಾಗ ಎರಡು ಸ್ಥಳೀಯ ಸಂಸ್ಥೆಗಳ ಗಡಿಯಲ್ಲಿತ್ತು; 2023ರಲ್ಲಿ ಮರ್ಟನ್ ಒಪ್ಪಿತು, ವಾಂಡ್ಸ್‌ವರ್ತ್ ತಿರಸ್ಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಮಹಾನಗರ ಪ್ರಾಧಿಕಾರ ಅನುಮತಿ ಕೊಟ್ಟಿತು. ನಿವಾಸಿಗಳ ಗುಂಪು ಹೂಡಿದ ದಾವೆಯನ್ನು 2025ರ ಜುಲೈಯಲ್ಲಿ ಹೈಕೋರ್ಟು ವಜಾ ಮಾಡಿ, ಅನುಮತಿ ಕೊಟ್ಟ ಕ್ರಮ ಸರಿಯಾಗಿಯೇ ಇದೆ ಎಂದಿತು. ಯೋಜನಾ ಅನುಮತಿಯ ತಕ್ಕಡಿಯಲ್ಲಿ ತೂಗುವಾಗ ಉದ್ಯೋಗ, ಆದಾಯ, ಹೊಸ ಗಿಡ, ಹೂಳೆತ್ತಿದ ಕೆರೆ ಎಲ್ಲವೂ ಒಂದೊಂದು ಬೊಟ್ಟು ಭಾರವಾಗಿ ಬೀಳುತ್ತವೆ. ನಾವು ಅಷ್ಟು ಮರ ಕೊಡುತ್ತೇವೆ, ನೀವು ಇಷ್ಟು ಜಾಗ ಬಿಡಿ ಎಂಬ ಚೌಕಾಸಿಗೆ ಇಳಿದ ಕೂಡಲೇ ದುಡ್ಡಿದ್ದವನ ಕೈ ಮೇಲಾಗುತ್ತದೆ. ನಮ್ಮಲ್ಲೂ ಹಾಗೆಯೇ: ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ಎಂದ ತಕ್ಷಣ ಅರ್ಧ ಸಭೆ ತಲೆದೂಗುತ್ತದೆ.

ಆದರೆ ವಿಂಬಲ್ಡನ್ನಿನ ವಿರೋಧಿಗಳ ಬಲವಾದ ವಾದ ಮರದ್ದಲ್ಲ. ಆ ಜಾಗ ಸಾರ್ವಜನಿಕ ವಿಹಾರಕ್ಕಾಗಿ ಕಾನೂನು ವಿಧಿಸಿದ ನ್ಯಾಸಕ್ಕೆ ಒಳಪಟ್ಟಿತ್ತು, 1993ರ ಮಾರಾಟದಲ್ಲಿ ಆ ನ್ಯಾಸ ಕಳಚಿಲ್ಲ ಎಂದು ಅವರು ಹೇಳುತ್ತಾರೆ. ಅಂಥ ನ್ಯಾಸವೇ ಇರಲಿಲ್ಲ ಎಂದು ಕ್ಲಬ್ಬು ಹೇಳುತ್ತದೆ. ವಿರೋಧಿಗಳ ವಾದಕ್ಕೆ ಕಸುವು ಬಂದದ್ದು ಶ್ರೂಸ್‌ಬರಿ ಎಂಬ ಊರಿನ ಒಂದು ಪುಟ್ಟ ತುಂಡು ಜಮೀನಿನಿಂದ. 1926ರಿಂದ ಜನರ ವಿಹಾರಕ್ಕೆಂದು ಇದ್ದ ಆ ತುಂಡನ್ನು ಪಟ್ಟಣದ ಕೌನ್ಸಿಲ್ 2017ರಲ್ಲಿ ಮನೆ ಕಟ್ಟುವವರಿಗೆ ಮಾರಿತು. ಇಂಗ್ಲೆಂಡಿನ ಕಾನೂನಿನ ಪ್ರಕಾರ ಇಂಥ ಜಾಗ ಮಾರುವ ಮೊದಲು ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಕೊಟ್ಟು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಕೌನ್ಸಿಲ್ ಪ್ರಕಟಣೆ ಕೊಟ್ಟಿರಲಿಲ್ಲ. ಜಮೀನಿನ ಹಿನ್ನೆಲೆಯೇ ಅದರ ಕಣ್ಣಿಗೆ ಬಿದ್ದಿರಲಿಲ್ಲ. 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಪ್ರಕಟಣೆ ಕೊಡದೆ ಮಾರಿದರೆ ಜನರ ಹಕ್ಕು ಅಳಿಯುವುದಿಲ್ಲ, ಕೊಂಡವನ ಕೈಯಲ್ಲೂ ಅದು ಜಮೀನಿಗೆ ಅಂಟಿಕೊಂಡೇ ಇರುತ್ತದೆ ಎಂದು ತೀರ್ಪು ಕೊಟ್ಟು ಮನೆ ಕಟ್ಟುವ ಅನುಮತಿಯನ್ನು ರದ್ದುಮಾಡಿತು. ಎರಡು ವಾರದ ಜಾಹೀರಾತು! ಪತ್ರಿಕೆಯ ಮೂಲೆಯ ಆ ನಾಲ್ಕು ಸಾಲನ್ನು ಯಾರೂ ಓದುವುದಿಲ್ಲ ಎಂದು ನಾವು ನಗುತ್ತೇವೆ. ಅದಿಲ್ಲದೆ ಹೋದದ್ದಕ್ಕೆ ಮನೆ ಕಟ್ಟುವ ಯೋಜನೆಯೇ ನಿಂತುಹೋಯಿತು.

ಈಗ ಎದುರು ಪಕ್ಷದ ಮಾತಿಗೆ ಬರೋಣ. ಪಾಲಿಕೆಗೆ ಪಾರ್ಕು ನೋಡಿಕೊಳ್ಳಲು ದುಡ್ಡಿಲ್ಲ, ಕಾವಲುಗಾರನಿಲ್ಲ, ನೀರಿಲ್ಲ. ಖಾಸಗಿಯವರು ಬಂದರೆ ಒಂದು ಮೂಲೆಯಲ್ಲಿ ಅಂಗಣ ಹಾಕಿಕೊಂಡು ಉಳಿದದ್ದನ್ನು ಚೆನ್ನಾಗಿಡುತ್ತಾರೆ ಎಂಬುದು ಪ್ರಾಮಾಣಿಕರೂ ಹೇಳುವ ವಾದ. ಮುಂಬೈ ಇದನ್ನು ಮಾಡಿ ನೋಡಿದೆ. ಸಾರ್ವಜನಿಕ ಬಯಲುಗಳನ್ನು ಖಾಸಗಿ ಸಂಸ್ಥೆಗಳ ಪಾಲನೆಗೆ ಕೊಟ್ಟು, ಪ್ರತಿಯಾಗಿ ಒಂದು ಭಾಗದಲ್ಲಿ ಕಟ್ಟಡ ಕಟ್ಟಿಕೊಳ್ಳಲು ಬಿಡುವ ನೀತಿ ಅಲ್ಲಿ ಜಾರಿಯಲ್ಲಿತ್ತು. ಕೆಲವು ಬಯಲುಗಳ ಮೇಲೆ ಸದಸ್ಯತ್ವದ ಕ್ಲಬ್ಬುಗಳು ಎದ್ದವು. ಬಯಲಿಗೆ ಹೋಗುವ ದಾರಿ ಕ್ಲಬ್ಬಿನ ಸ್ವಾಗತದ ಮೇಜಿನ ಮುಂದೆ ಹಾದುಹೋಗುವಂತಾಯಿತು. 2016ರ ಆರಂಭದಲ್ಲಿ ಮಹಾನಗರ ಪಾಲಿಕೆ ಅಂಥದ್ದೇ ನೀತಿಗೆ ಮತ್ತೆ ಒಪ್ಪಿಗೆ ಕೊಟ್ಟಾಗ ನಾಗರಿಕರು ಎಷ್ಟು ಗದ್ದಲ ಎಬ್ಬಿಸಿದರೆಂದರೆ ಮುಖ್ಯಮಂತ್ರಿಯೇ ಅದಕ್ಕೆ ತಡೆ ಹಾಕಿ, ಕೊಟ್ಟ ಜಾಗಗಳನ್ನು ವಾಪಸು ಪಡೆಯಿರಿ ಎಂದು ಪಾಲಿಕೆಗೆ ಸೂಚಿಸಬೇಕಾಯಿತು. ನಿರ್ವಹಣೆಗೆ ಹಣವಿಲ್ಲ ಎಂಬುದು ನಿಜವಾದ ತೊಂದರೆಯೇ. ಅದಕ್ಕೆ ಉತ್ತರ ಬಜೆಟ್ಟಿನಲ್ಲಿದೆ. ಮಾಲಿಯ ಸಂಬಳಕ್ಕೆಂದು ಮೂವತ್ತು ವರ್ಷಗಳ ಗುತ್ತಿಗೆ ಬರೆದುಕೊಡುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಆದರೆ ಮಕ್ಕಳ ವಾದಕ್ಕೆ ನಾವು ಉತ್ತರ ಕೊಡಲೇಬೇಕು, ಮತ್ತು ಇಲ್ಲಿ ಕುಳಿತಿರುವ ಸಂಘಗಳ ಪದಾಧಿಕಾರಿಗಳಿಗೆ ಈ ಮಾತು ಹಿತವಾಗದಿರಬಹುದು. ನಿಮ್ಮ ಪಾರ್ಕಿನ ಗೇಟಿನ ಮೇಲಿನ ಫಲಕ ನೆನಪು ಮಾಡಿಕೊಳ್ಳಿ. ಚೆಂಡಾಟ ನಿಷೇಧಿಸಲಾಗಿದೆ, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕೂರಬಾರದು. ಬೆಳಿಗ್ಗೆ ತೆರೆದು ಹತ್ತಕ್ಕೆ ಬೀಗ, ಮತ್ತೆ ಸಂಜೆ ನಾಲ್ಕಕ್ಕೆ ತೆರೆಯುವುದು. ಮಧ್ಯಾಹ್ನ ಊಟಕ್ಕೆ ನೆರಳು ಹುಡುಕುವ ಕಟ್ಟಡದ ಕೂಲಿಯವರು, ಡೆಲಿವರಿ ಹುಡುಗರು ಹೊರಗೆ ಕಾಲುದಾರಿಯ ಮೇಲೆ. ವಾಕಿಂಗ್ ಮಾಡುವವರ ಅನುಕೂಲಕ್ಕೆ ಪಾರ್ಕನ್ನು ನಾವೇ ಅರ್ಧ ಖಾಸಗಿ ಮಾಡಿಕೊಂಡಿರುವಾಗ, ಟರ್ಫಿನವನು ಬಂದು ‘ನಾನಾದರೂ ಮಕ್ಕಳಿಗೆ ಆಡಲು ಬಿಡುತ್ತೇನೆ’ ಎಂದರೆ ಆ ಮಕ್ಕಳ ತಂದೆತಾಯಿ ಅವನ ಕಡೆಗೇ ವಾಲುತ್ತಾರೆ. ಅದು ಅವರ ತಪ್ಪಲ್ಲ. ಒಂದು ಮಣ್ಣಿನ ಅಂಗಣ, ಎರಡು ಗೋಲುಕಂಬ, ಒಂದು ವಾಲಿಬಾಲ್ ನೆಟ್ಟು, ಇವನ್ನು ಯಾರ ಗುತ್ತಿಗೆಯೂ ಇಲ್ಲದೆ ಇಡಬಹುದು. ಕಾನೂನು ಮೈದಾನವನ್ನೂ ಪಾರ್ಕಿನ ಜೊತೆಗೇ ಹೆಸರಿಸಿ ಮೀಸಲಿಟ್ಟಿದೆ ಎಂಬುದನ್ನು ವಿರೋಧಿಸುವವರು ಮರೆಯಬಾರದು.

ಕೊನೆಯದಾಗಿ ಕೆಲಸದ ಮಾತು. ಪ್ರಸ್ತಾವದ ಸುಳಿವು ಸಿಕ್ಕ ದಿನವೇ ಸಹಿ ಸಂಗ್ರಹಕ್ಕೆ ಓಡುವ ಬದಲು ಮೊದಲು ಮಂಜೂರಾದ ಬಡಾವಣೆಯ ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಅದರಲ್ಲಿ ಆ ಜಾಗ ‘ಪಾರ್ಕ್’ ಎಂದಿದೆಯೋ ‘ಸಿಎ ಸೈಟ್’ (ನಾಗರಿಕ ಸೌಲಭ್ಯದ ಜಾಗ) ಎಂದಿದೆಯೋ ಎಂಬುದರ ಮೇಲೆ ಇಡೀ ದಾರಿ ನಿಂತಿದೆ, ಏಕೆಂದರೆ ಸಿಎ ಸೈಟನ್ನು ಸಂಸ್ಥೆಗಳಿಗೆ ಗುತ್ತಿಗೆ ಕೊಡಲು ಕಾನೂನಿನಲ್ಲೇ ಅವಕಾಶವಿದೆ, ಪಾರ್ಕಿಗೆ ಆ ಅವಕಾಶವಿಲ್ಲ. 1985ರ ಕಾಯಿದೆಯಡಿ ಸ್ಥಳೀಯ ಸಂಸ್ಥೆ ಪ್ರಕಟಿಸಬೇಕಾದ ಪಾರ್ಕುಗಳ ಪಟ್ಟಿಯಲ್ಲಿ ನಿಮ್ಮದು ಇದೆಯೇ ನೋಡಿ; ಇಲ್ಲದಿದ್ದರೆ ಸೇರಿಸಲು ಈಗಲೇ ಬರೆದುಕೊಡಿ, ಜಗಳ ಬರುವವರೆಗೆ ಕಾಯಬೇಡಿ. ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ, ಬರೀ ಆದೇಶದ ಪ್ರತಿ ಸಾಲದು. ಯಾರ ಸೂಚನೆಯಿಂದ ಕಡತ ಚಲಿಸಿತು ಎಂಬುದು ಇರುವುದು ಆ ಹಾಳೆಗಳಲ್ಲಿ. ಒಪ್ಪಂದ ಆಗಿಹೋಗಿದ್ದರೆ ಅದರ ಅವಧಿ, ದರ ಗೊತ್ತುಮಾಡುವ ಅಧಿಕಾರ ಯಾರದು, ಒಳಗೆ ಶಾಶ್ವತ ಕಟ್ಟಡಕ್ಕೆ ಅವಕಾಶವಿದೆಯೇ, ಜಾಗವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡಬಹುದೇ ಎಂಬ ನಾಲ್ಕು ಕಲಮುಗಳನ್ನು ಮೊದಲು ಓದಿ. ಇಷ್ಟನ್ನೂ ಬೇಗ ಮಾಡಿ. ಬುನಾದಿ ತೋಡುವ ಮೊದಲು ಬಂದ ಅರ್ಜಿದಾರರನ್ನು ನ್ಯಾಯಾಲಯ ಒಂದು ರೀತಿ ನೋಡುತ್ತದೆ, ಉದ್ಘಾಟನೆಯ ರಿಬ್ಬನ್ ಕತ್ತರಿಸಿದ ಮೇಲೆ ಬಂದವರನ್ನು ‘ಇಷ್ಟು ದಿನ ಎಲ್ಲಿದ್ದಿರಿ’ ಎಂದು ಕೇಳುತ್ತದೆ.